ಲಸಿಕೆ ಹಾಕಿ ಬಂದ ಮೇಲೆ: ನಮ್ಮ ಕೆಲವು ಅನುಭವಗಳು

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ಇಚಿಲಂಪಾಡಿಯಲ್ಲಿ ನಡೆದ ಮಹಿಳಾ ಗೋಷ್ಠಿಯಲ್ಲಿ ಆರೋಗ್ಯ ಸಹಾಯಕಿಯರು ಮಾಡಿದ ಭಾಷಣದ ಬರಹ ರೂಪ)



ಹಾಲಿನ ಸಂಘದ ಬೆಳ್ಳಿಹಬ್ಬಕ್ಕೆ ಚುಚ್ಚುಮದ್ದಿನವರನ್ನು ಯಾಕೆ ಕರೆದರಪ್ಪಾ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಿರಬಹುದು. ಕಾರ್ಯದರ್ಶಿಯವರು ಬಂದು ಕರೆದಾಗ ನಮಗೂ ಹಾಗೆಯೇ ಅನ್ನಿಸಿತು. "ನೀವು ಈ ಊರಿನ ಪ್ರತಿಯೊಂದು ಮನೆಯ ಮೆಟ್ಟಿಲು ಹತ್ತಿದವರು. ನಾವು ಹಾಲು ಕೊಡುವವರ ಮನೆ ಮಾತ್ರ ಬಲ್ಲೆವು. ನಿಮ್ಮ ಅನುಭವ ನಾಲ್ಕು ಮಾತು ಹೇಳಿ, ಸಂಚಿಕೆಯಲ್ಲಿ ಹಾಕುವ" ಎಂದರು. ಭಾಷಣ ಮಾಡಿ ನಮಗೆ ಅಭ್ಯಾಸ ಇಲ್ಲ. ಮನೆಯ ಜಗಲಿಯಲ್ಲಿ ಕೂತು ಮಾತಾಡಿ ಮಾತ್ರ ಅಭ್ಯಾಸ. ಹಾಗಾಗಿ ಜಗಲಿಯಲ್ಲಿ ಹೇಳಿದ ಹಾಗೆಯೇ ಹೇಳುತ್ತೇವೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು.

ನಾವು ಎಂದರೆ ಮೂವರು. ಒಬ್ಬರು ನಿವೃತ್ತರಾದವರು, ಇಬ್ಬರು ಈಗಲೂ ಕೆಲಸದಲ್ಲಿ ಇರುವವರು. ಹಿಂದೆ ನಮ್ಮ ಹುದ್ದೆಗೆ ಕಿರಿಯ ಮಹಿಳಾ ಆರೋಗ್ಯ ಸಹಾಯಕಿ ಎಂದು ಹೆಸರು. ಈಗ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ ಎನ್ನುತ್ತಾರೆ. ಹೆಸರು ಉದ್ದವಾಯಿತು, ನಡೆಯುವ ದಾರಿ ಅಷ್ಟೇ ಉಂಟು. ಊರಿನಲ್ಲಿ ಮಾತ್ರ ನಾವು ಆಗಲೂ ಈಗಲೂ ಸಿಸ್ಟರ್, ಇಲ್ಲವೇ ನರ್ಸಮ್ಮ. ಮಕ್ಕಳಿಗಂತೂ ಚುಚ್ಚುವ ಅಕ್ಕ. ನಾವು ತೋಟದ ಬದಿಯಲ್ಲಿ ಕಾಣಿಸಿಕೊಂಡರೆ ಸಾಕು, ಮಕ್ಕಳು ಹಟ್ಟಿಯ ಹಿಂದೆ ಅಡಗುವುದು ಉಂಟಲ್ಲ, ಅದೇ ನಮಗೆ ಸಿಗುವ ಸ್ವಾಗತ.

ಇಚಿಲಂಪಾಡಿಯ ಸ್ಥಿತಿ ನಿಮಗೆ ಹೇಳಬೇಕಾಗಿಲ್ಲ. ಬಯಲು ಸೀಮೆಯ ಹಾಗೆ ಸಾಲು ಮನೆಗಳ ಊರು ಅಲ್ಲ ಇದು. ಒಂದು ಮನೆ ಅಡಿಕೆ ತೋಟದ ತಳದಲ್ಲಿ, ಇನ್ನೊಂದು ರಬ್ಬರ್ ಗುಡ್ಡದ ತುದಿಯಲ್ಲಿ. ನಡುವೆ ತೋಡು, ತೋಡಿಗೆ ಅಡಿಕೆ ಮರದ ಸಂಕ, ಸಂಕ ದಾಟಿದರೆ ನಾಯಿ. ಒಂದು ಮನೆಯಲ್ಲಿ ತುಳು, ಮುಂದಿನ ಮನೆಯಲ್ಲಿ ಮಲಯಾಳ, ಅದರಾಚೆ ಬ್ಯಾರಿ ಭಾಷೆ, ಕೊಂಕಣಿ, ಲೈನ್ ಮನೆಗಳಲ್ಲಿ ತಮಿಳು. ಪುತ್ತೂರು ತಾಲೂಕು ಇದ್ದಾಗಲೂ ಹೀಗೆಯೇ, ಕಡಬ ತಾಲೂಕಾದ ಮೇಲೂ ಹೀಗೆಯೇ. ಇಂಥ ಊರಿನಲ್ಲಿ ಒಂದು ಮಗುವೂ ಬಿಟ್ಟು ಹೋಗದ ಹಾಗೆ ಲಸಿಕೆ ಹಾಕಬೇಕು ಎಂದರೆ ಅದು ಎಂಥ ಕೆಲಸ ಎಂದು ನೀವೇ ಲೆಕ್ಕ ಹಾಕಿ.

ಲಸಿಕೆಯ ಬಗ್ಗೆ ಸಂಶಯ ಪಡುವವರನ್ನು ತಿಳುವಳಿಕೆ ಇಲ್ಲದವರು ಎಂದು ಹೇಳುವುದು ಸುಲಭ. ನಾವೂ ಮೊದಮೊದಲು ಹಾಗೆಯೇ ತಿಳಿದಿದ್ದೆವು. ಅದು ಸರಿಯಲ್ಲ ಎಂದು ಆಮೇಲೆ ಗೊತ್ತಾಯಿತು. 1955ರಲ್ಲಿ ಕ್ಷಯರೋಗದ ವಿರುದ್ಧ ಬಿ.ಸಿ.ಜಿ. ಲಸಿಕೆಯನ್ನು ಊರೂರಿಗೆ ಹಾಕುತ್ತಿದ್ದಾಗ ಅದನ್ನು ವಿರೋಧಿಸಿ ಬರೆದವರು ಯಾರು ಗೊತ್ತೇ? ಸಾಕ್ಷಾತ್ ರಾಜಾಜಿಯವರು. ದೇಶದ ಗವರ್ನರ್ ಜನರಲ್ ಆಗಿದ್ದವರು, ಮದರಾಸು ರಾಜ್ಯದ ಮುಖ್ಯಮಂತ್ರಿಯಾಗಿದ್ದವರು. ಆಗ ನಮ್ಮ ದಕ್ಷಿಣ ಕನ್ನಡವೂ ಮದರಾಸು ರಾಜ್ಯದ ಒಳಗೇ ಇತ್ತು. ಅಂಥವರಿಗೇ ಸಂಶಯ ಬಂದಿತ್ತು ಎಂದ ಮೇಲೆ ಗುಡ್ಡದ ತುದಿಯ ಮನೆಯ ಒಬ್ಬ ತಾಯಿಗೆ ಸಂಶಯ ಬರಬಾರದೋ?

ಸಂಶಯಕ್ಕೆ ಉತ್ತರವೂ ಹಳೆಯದೇ. ನಮ್ಮ ದೇಶದಲ್ಲಿ ಮೊತ್ತಮೊದಲು ಸಿಡುಬಿನ ಲಸಿಕೆ ಹಾಕಿದ್ದು 1802ರ ಜೂನ್ 14ರಂದು, ಬೊಂಬಾಯಿಯಲ್ಲಿ, ಮೂರು ವರ್ಷದ ಒಂದು ಮಗುವಿಗೆ. ಆ ಮೇಲೆ ಮೂರೇ ವರ್ಷಕ್ಕೆ, 1805ರ ಹೊತ್ತಿಗೆ, ಮೈಸೂರಿನ ಅರಮನೆಯ ಮೂವರು ಸ್ತ್ರೀಯರ ಒಂದು ಚಿತ್ರವನ್ನು ಥಾಮಸ್ ಹಿಕಿ ಎಂಬವರು ಬರೆದಿದ್ದಾರೆ. ಅದರಲ್ಲಿ ಒಬ್ಬ ರಾಣಿ ಸೀರೆಯ ಸೆರಗು ಸರಿಸಿ ತನ್ನ ತೋಳನ್ನು ತೋರಿಸುತ್ತಾರೆ. ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿಯವರು ತಾವು ಲಸಿಕೆ ಹಾಕಿಸಿಕೊಂಡದ್ದನ್ನು ಪ್ರಜೆಗಳಿಗೆ ತೋರಿಸಲು ಬರೆಸಿದ ಚಿತ್ರ ಅದು ಎಂದು ಇತಿಹಾಸಕಾರರು ಊಹಿಸಿದ್ದಾರೆ. ನಾವು ಹಾಕಿಸಿಕೊಂಡಿದ್ದೇವೆ, ನೋಡಿ, ಏನೂ ಆಗಲಿಲ್ಲ ಎಂದು ತೋಳು ತೋರಿಸುವುದು. ಇನ್ನೂರು ವರ್ಷ ಕಳೆದ ಮೇಲೆ ಕೊರೊನಾ ಕಾಲದಲ್ಲಿ ನಾವು ಮಾಡಿದ್ದೂ ಅದನ್ನೇ. ಆ ಸಿಡುಬು ಇವತ್ತು ಇಲ್ಲ. 1975ರ ಮೇ ತಿಂಗಳ ನಂತರ ನಮ್ಮ ದೇಶದಲ್ಲಿ ಒಬ್ಬರಿಗೂ ಬರಲಿಲ್ಲ. 1980ರಲ್ಲಿ ಲೋಕದಿಂದಲೇ ಹೋಯಿತು ಎಂದು ಸಾರಿದರು. ಮುಖದಲ್ಲಿ ಸಿಡುಬಿನ ಕಲೆ ಇದ್ದ ಅಜ್ಜ ಅಜ್ಜಿಯರನ್ನು ನಾವು ಚಿಕ್ಕವರಿದ್ದಾಗ ನೋಡಿದ್ದೆವು. ಈಗಿನ ಮಕ್ಕಳು ನೋಡಿಲ್ಲ, ನೋಡುವುದೂ ಬೇಡ.

ಇನ್ನು ಪೋಲಿಯೋ ಭಾನುವಾರಕ್ಕೆ ಬರುವ.

ದೇಶಕ್ಕೆಲ್ಲ ಒಂದೇ ದಿನ ಪಲ್ಸ್ ಪೋಲಿಯೋ ಹನಿ ಹಾಕಿದ್ದು ಮೊದಲು 1995ರ ಡಿಸೆಂಬರ್ 9ಕ್ಕೆ, ಎರಡನೆಯ ಸಲ 1996ರ ಜನವರಿ 20ಕ್ಕೆ. ಆಗ ಮೂರು ವರ್ಷದೊಳಗಿನ ಮಕ್ಕಳಿಗೆ ಮಾತ್ರ. ಮುಂದಿನ ವರ್ಷದಿಂದ ಐದು ವರ್ಷದೊಳಗಿನ ಎಲ್ಲರಿಗೂ. ನಮ್ಮಲ್ಲಿ ಹಿರಿಯವರು ಆ ಮೊದಲ ದಿನವೇ ಬೂತಿನಲ್ಲಿ ಕೂತವರು. ಬೆಳಿಗ್ಗೆ ಕತ್ತಲೆಗೇ ಎದ್ದು ಆರೋಗ್ಯ ಕೇಂದ್ರದಿಂದ ನೀಲಿ ಪೆಟ್ಟಿಗೆ ತರಬೇಕು. ಪೆಟ್ಟಿಗೆಯ ನಾಲ್ಕು ಬದಿಗೆ ನಾಲ್ಕು ಮಂಜುಗಡ್ಡೆಯ ಪ್ಯಾಕು, ನಡುವೆ ಮದ್ದಿನ ಬಾಟಲಿ. ಪೋಲಿಯೋ ಹನಿಗೆ ಬಿಸಿ ಆಗುವುದಿಲ್ಲ. ಬಸ್ಸಿನಲ್ಲಿ ಪೆಟ್ಟಿಗೆಯನ್ನು ಮಡಿಲಲ್ಲಿ ಇಟ್ಟುಕೊಂಡು ಬರುವುದು. ಬಸ್ಸು ಇಳಿದ ಮೇಲೆ ಹೆಗಲಿಗೆ. "ಎಂತ ಸಿಸ್ಟರ್, ಮೀನಾ?" ಎಂದು ಕೇಳಿದವರೂ ಉಂಟು!

ಆಮೇಲಿನ ವರ್ಷಗಳಲ್ಲಿ ಬಾಟಲಿಯ ಮೇಲೆ ಒಂದು ಗುರುತು ಬಂತು. ಒಂದು ದುಂಡು, ಅದರೊಳಗೆ ಒಂದು ಸಣ್ಣ ಚೌಕ. ಚೌಕ ಬೆಳ್ಳಗಿದ್ದರೆ ಮದ್ದು ಸರಿ ಉಂಟು. ಬಿಸಿ ತಾಗಿದ ಹಾಗೆ ಚೌಕ ಕಪ್ಪಾಗುತ್ತಾ ಬರುತ್ತದೆ. ದುಂಡಿನ ಬಣ್ಣಕ್ಕೆ ಬಂದರೆ ಆ ಬಾಟಲಿ ಬಿಸಾಡಬೇಕು. ಹಾಲು ಒಡೆದದ್ದು ನಿಮಗೆ ವಾಸನೆಯಲ್ಲಿ ಗೊತ್ತಾಗುತ್ತದೆ, ಮದ್ದು ಕೆಟ್ಟದ್ದು ವಾಸನೆಯಲ್ಲಿ ಗೊತ್ತಾಗುವುದಿಲ್ಲ. ಅದಕ್ಕೆ ಈ ಗುರುತು. ಇದನ್ನು ನಾವು ತಾಯಂದಿರಿಗೂ ತೋರಿಸಲು ಶುರು ಮಾಡಿದೆವು. ತೋರಿಸಬೇಕೆಂದು ಯಾರೂ ಹೇಳಿರಲಿಲ್ಲ. ಆದರೆ ತೋರಿಸಿದ ಮೇಲೆ ಮಗುವಿನ ಬಾಯಿ ತೆರೆಸುವುದು ಸುಲಭವಾಯಿತು.

1999–2000ದ ಸುತ್ತಿನಿಂದ ಬೂತು ಮುಗಿದ ಮರುದಿನಗಳಲ್ಲಿ ಮನೆ ಮನೆಗೆ ಹೋಗುವ ಕ್ರಮ ಬಂತು. ನಿಮ್ಮ ಸಂಘವೂ ಸರಿಸುಮಾರು ಆ ಕಾಲದ್ದೇ. ಮಗುವಿನ ಎಡಗೈ ಕಿರುಬೆರಳಿಗೆ ಶಾಯಿ, ಗೋಡೆಗೆ ಸೀಮೆಸುಣ್ಣದ ಗುರುತು. ಎಲ್ಲ ಮಕ್ಕಳಿಗೂ ಆಗಿದ್ದರೆ 'ಪಿ', ಒಂದು ಮಗು ಬಾಕಿ ಇದ್ದರೂ, ಬೀಗ ಹಾಕಿದ್ದರೂ, ಬೇಡ ಎಂದರೂ 'ಎಕ್ಸ್'. ಗೋಡೆಗೆ ಸುಣ್ಣ ಬಳಿದು ವಾರ ಆಗಿರುವುದಿಲ್ಲ, ನಾವು ಹೋಗಿ ಗೀಚುವುದು. ಎಷ್ಟು ಬೈಗಳು ತಿಂದಿದ್ದೇವೆ! ಆದರೆ ಸಂಜೆಗೆ ನಮ್ಮ ತಲೆಯಲ್ಲಿ ಉಳಿಯುತ್ತಿದ್ದುದು 'ಪಿ' ಮನೆಗಳಲ್ಲ, 'ಎಕ್ಸ್' ಮನೆಗಳು. ನಿಜವಾದ ಕೆಲಸ ಶುರುವಾಗುವುದು ಅಲ್ಲಿಂದ.

ಎಕ್ಸ್ ಮನೆಗಳೆಲ್ಲ ಹಟ ಮಾಡುವವರ ಮನೆಗಳು ಅಲ್ಲ. ಒಂದು ಉದಾಹರಣೆ ಹೇಳುತ್ತೇವೆ. ಪುತ್ತೂರು, ಸುಳ್ಯದ ಕಡೆಯ ರಬ್ಬರ್ ತೋಟಗಳಲ್ಲಿ ಲಂಕೆಯಿಂದ ಬಂದ ತಮಿಳು ಕುಟುಂಬಗಳು ಉಂಟು. 1964ರ ಶಾಸ್ತ್ರಿ–ಸಿರಿಮಾವೋ ಒಪ್ಪಂದದ ಮೇಲೆ ಬಂದವರು. ನಮ್ಮಲ್ಲಿ ಒಬ್ಬರು ಅಂಥ ಒಂದು ಲೈನಿನಲ್ಲಿ ಕೆಲಸ ಮಾಡುತ್ತಿದ್ದಾಗ ಸಾಲಾಗಿ ಏಳೆಂಟು ಮನೆಗೆ ಎಕ್ಸ್ ಬಿತ್ತು. ಮರುದಿನ ಹೋದರೂ ಬೀಗ. ಇವರು ಬೇಕೆಂದೇ ತಪ್ಪಿಸುತ್ತಾರೆ ಎಂದು ರಿಪೋರ್ಟು ಬರೆಯಲು ಹೊರಟಿದ್ದೆವು. ಒಬ್ಬ ಅಜ್ಜಿ ಹೇಳಿದರು: "ಏನಮ್ಮಾ, ಟ್ಯಾಪಿಂಗ್ ಟೈಮಿಗೆ ಬಂದು ಬಾಗಿಲು ತಟ್ಟಿದರೆ ಯಾರು ಇರುತ್ತಾರೆ?" ಗಂಡ ಹೆಂಡತಿ ಇಬ್ಬರೂ ನಸುಕಿಗೇ ಮರಕ್ಕೆ ಹೋಗುವವರು. ಸಣ್ಣ ಮಗುವನ್ನೂ ಜೊತೆಗೆ ಕರೆದುಕೊಂಡು ಹೋಗುತ್ತಾರೆ. ಹಾಲು ಅಳೆದು ಕೊಟ್ಟು ಮನೆಗೆ ಬರುವಾಗ ಮಧ್ಯಾಹ್ನ. ನಾವು ಮಧ್ಯಾಹ್ನದ ಮೇಲೆ ಹೋದೆವು. ಎಲ್ಲ ಮನೆಯೂ ತೆರೆದಿತ್ತು, ಒಬ್ಬರೂ ಬೇಡ ಎನ್ನಲಿಲ್ಲ. ತಪ್ಪು ಅವರದಲ್ಲ, ನಮ್ಮ ಗಡಿಯಾರದ್ದು.

ಬೇಡ ಎಂದವರೂ ಇದ್ದರು. "ಹೋದ ತಿಂಗಳು ಹಾಕಿದ್ದೀರಲ್ಲ, ಮತ್ತೆ ಯಾಕೆ?" ಎನ್ನುವವರು ಕೆಲವರು. "ಇದು ಹಾಕಿದರೆ ಮುಂದೆ ಮಕ್ಕಳಾಗುವುದಿಲ್ಲವಂತೆ" ಎನ್ನುವವರು ಕೆಲವರು. ವಾದ ಮಾಡಿದರೆ ಬಾಗಿಲು ಹಾಕುತ್ತಾರೆ. ನಮಗೆ ಉಪಯೋಗಕ್ಕೆ ಬಂದದ್ದು ನಿಮ್ಮ ಅಡಿಕೆ ತೋಟ. "ಅಣ್ಣಾ, ನೀವು ಮಳೆಗಾಲಕ್ಕೆ ತೋಟಕ್ಕೆ ಮದ್ದು ಬಿಡುವುದು ಯಾವಾಗ?" "ಕೊಳೆ ಬರುವ ಮೊದಲು." "ಒಂದು ಸಲ ಬಿಟ್ಟರೆ ಸಾಕಾ?" "ಸಾಕಾಗುವುದಿಲ್ಲ. ಮತ್ತೆ ಬಿಡಬೇಕು." "ನೀವು ಮಾತ್ರ ಬಿಟ್ಟು ಪಕ್ಕದ ತೋಟದವರು ಬಿಡದಿದ್ದರೆ?" ಅಷ್ಟು ಕೇಳಿದರೆ ಅವರಿಗೇ ನಗು ಬರುತ್ತಿತ್ತು. "ಆಯ್ತು, ಹಾಕಿ ಮಾರಾಯ್ರೆ" ಎನ್ನುತ್ತಿದ್ದರು.

ಆ ಹನಿಗಳ ಫಲ ಏನೆಂದು ಈಗ ಎಲ್ಲರಿಗೂ ಗೊತ್ತಿದೆ. ದೇಶದ ಕೊನೆಯ ಪೋಲಿಯೋ ರೋಗಿ ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯ ಒಂದು ಹೆಣ್ಣುಮಗು, 2011ರ ಜನವರಿ 13ರಂದು. 2014ರ ಮಾರ್ಚ್ 27ರಂದು ಭಾರತ ಪೋಲಿಯೋ ಮುಕ್ತ ಎಂದು ಪ್ರಮಾಣಪತ್ರ ಬಂತು. ಆ ದಿನ ನಮಗೆ ಯಾರೂ ಹಾರ ಹಾಕಲಿಲ್ಲ. ನಾವೇ ಮೂವರು ಸೇರಿ ಚಾ ಕುಡಿದೆವು. ಆದರೂ ಮತ್ತೆ ಮತ್ತೆ ಹನಿ ಯಾಕೆ, 2024ರ ಮಾರ್ಚ್ 3ರಂದೂ ಯಾಕೆ ಹಾಕಿದರು ಎಂದರೆ, ಪಾಕಿಸ್ತಾನ, ಅಫ್ಘಾನಿಸ್ತಾನಗಳಲ್ಲಿ ಆ ರೋಗ ಇನ್ನೂ ಹೋಗಿಲ್ಲ. ಪಕ್ಕದ ತೋಟದಲ್ಲಿ ಕೊಳೆ ಇರುವಾಗ ನಾವು ಮದ್ದು ಬಿಡುವುದು ನಿಲ್ಲಿಸಲಾಗುತ್ತದೋ?

ಇಷ್ಟು ನಮ್ಮ ಹೆಮ್ಮೆಯ ಮಾತು. ಈಗ ತಪ್ಪಿನ ಮಾತು ಒಂದು ಹೇಳಬೇಕು. ಬೆಳ್ಳಿಹಬ್ಬದ ದಿನ ಬರೀ ಒಳ್ಳೆಯದನ್ನೇ ಹೇಳಿ ಹೋದರೆ ನಿಮಗೂ ಪ್ರಯೋಜನ ಇಲ್ಲ, ನಮಗೂ ಸಮಾಧಾನ ಇಲ್ಲ.

2017ರ ಫೆಬ್ರವರಿಯಲ್ಲಿ ದಡಾರ ಮತ್ತು ರುಬೆಲ್ಲಾ ಲಸಿಕೆಯ ಅಭಿಯಾನ ಬಂತು. ದೇಶದಲ್ಲಿ ಮೊದಲ ಹಂತಕ್ಕೆ ಆರಿಸಿದ ರಾಜ್ಯಗಳಲ್ಲಿ ನಮ್ಮ ಕರ್ನಾಟಕವೂ ಒಂದು. 9 ತಿಂಗಳಿನಿಂದ 15 ವರ್ಷದೊಳಗಿನ ಎಲ್ಲ ಮಕ್ಕಳಿಗೆ ಒಂದು ಚುಚ್ಚುಮದ್ದು. ಹೆಚ್ಚಿನ ಕೆಲಸ ಶಾಲೆಗಳಲ್ಲಿ. ದಡಾರ ನಿಮಗೆ ಗೊತ್ತಿರುವ ರೋಗ. ರುಬೆಲ್ಲಾ ಮಕ್ಕಳಿಗೆ ಬಂದರೆ ದೊಡ್ಡದೇನೂ ಅಲ್ಲ, ಆದರೆ ಬಸುರಿಗೆ ಮೊದಲ ತಿಂಗಳುಗಳಲ್ಲಿ ಬಂದರೆ ಹುಟ್ಟುವ ಮಗುವಿಗೆ ಕಿವುಡು, ಕಣ್ಣಿನ ಪೊರೆ, ಹೃದಯದ ತೊಂದರೆ ಎಲ್ಲ ಬರಬಹುದು. ಕೋಲಿ ಹಿಡಿದಂತೆ ಶಾಲೆಗೆ ಶಾಲೆ ಮುಗಿಸಬೇಕು, ದಿನಕ್ಕೆ ಇಷ್ಟು ಮಕ್ಕಳು ಎಂದು ಗುರಿ. ಅದೇ ಹೊತ್ತಿಗೆ ಮೊಬೈಲಿನಲ್ಲಿ ಇಲ್ಲಸಲ್ಲದ ಸುದ್ದಿಗಳು ಹರಿದಾಡಲು ಶುರುವಾದವು. ನಾವು ಕರೆಯುವ ಮೊದಲೇ ತಾಯಂದಿರು ಹೆದರಿದ್ದರು.

ಒಂದು ಊರು, ಹೆಸರು ಬೇಡ. ಅಲ್ಲಿ ಒಬ್ಬ ತಾಯಿ ಶಾಲೆಯ ಗೇಟಿನಲ್ಲಿ ನಿಂತು ನಮ್ಮನ್ನು ಕೇಳಿದರು: "ಅಕ್ಕಾ, ಇದು ಹಾಕಿದರೆ ಮಗಳಿಗೆ ಏನಾದರೂ ಆಗುತ್ತದಾ?" ಈ ಲಸಿಕೆಗೆ ಕೆಲವು ಮಕ್ಕಳಿಗೆ ಏಳರಿಂದ ಹನ್ನೆರಡು ದಿನದ ಒಳಗೆ ಸ್ವಲ್ಪ ಜ್ವರ ಬರುತ್ತದೆ, ಮೈಮೇಲೆ ಕೆಂಪು ಕೆಂಪು ಬೀಳುವುದೂ ಉಂಟು, ಎರಡು ಮೂರು ದಿನದಲ್ಲಿ ತನ್ನಷ್ಟಕ್ಕೆ ಹೋಗುತ್ತದೆ. ಇದು ನಮಗೆ ಚೆನ್ನಾಗಿ ಗೊತ್ತಿತ್ತು. ಆದರೆ ಹೇಳಿದರೆ ಆಕೆ ಮಗಳನ್ನು ಕರೆದುಕೊಂಡು ಮನೆಗೆ ಹೋಗುತ್ತಾರೆ, ಅವರ ಹಿಂದೆ ಇನ್ನು ಹತ್ತು ಜನ ಹೋಗುತ್ತಾರೆ ಎಂಬ ಹೆದರಿಕೆ. "ಏನೂ ಆಗುವುದಿಲ್ಲ ಅಮ್ಮಾ, ನೀವು ಹೋಗಿ" ಎಂದುಬಿಟ್ಟೆವು. ಮಗುವಿಗೆ ಚುಚ್ಚಿದೆವು, ಕಾರ್ಡಿಗೆ ಬರೆದೆವು, ಮುಂದಿನ ಶಾಲೆಗೆ ಹೋದೆವು.

ಎಂಟನೆಯ ದಿನ ಆ ಮಗುವಿಗೆ ಜ್ವರ ಬಂತು, ಮೈ ಕೆಂಪಾಯಿತು. ತಾಯಿ ಏನು ತಿಳಿದುಕೊಳ್ಳಬೇಕು? ಚುಚ್ಚಿದ್ದರಿಂದಲೇ ದಡಾರ ಬಂತು ಎಂದು. ರಾತ್ರಿ ಬಾಡಿಗೆ ಜೀಪು ಮಾಡಿ ಪೇಟೆಯ ಆಸ್ಪತ್ರೆಗೆ ಹೋದರು. ಮಗು ಎರಡೇ ದಿನದಲ್ಲಿ ಸರಿಯಾಯಿತು. ಆದರೆ ಸುದ್ದಿ ಊರಿಗೆಲ್ಲ ಮುಟ್ಟಿತ್ತು. ನಾವು ವಿಷಯ ಗೊತ್ತಾಗಿ ಅವರ ಮನೆಗೆ ಹೋದಾಗ ಆಕೆ ಬೈಯಲಿಲ್ಲ. "ಜ್ವರ ಬಂದದ್ದಕ್ಕೆ ನನಗೆ ಬೇಸರ ಇಲ್ಲ ಅಕ್ಕಾ. ಬರುತ್ತದೆ ಅಂತ ನಿಮಗೆ ಗೊತ್ತಿತ್ತಲ್ಲ, ಹೇಳಲಿಲ್ಲ" ಎಂದರು. ಅಷ್ಟೇ. ಮುಂದೆ ಅವರಿಗೆ ಗಂಡುಮಗು ಹುಟ್ಟಿತು. ಆ ಮಗುವಿನ ಲಸಿಕೆಗೆ ಅವರು ಬರಲಿಲ್ಲ. ನಾವು ಹೋದರೂ ಒಳಗಿಂದಲೇ "ಮಗು ಮಲಗಿದ್ದಾನೆ" ಎನ್ನುತ್ತಿದ್ದರು. ನಮಗೆ ಗುರಿ ಮುಟ್ಟಿತು, ಒಂದು ಮನೆ ಹೋಯಿತು.

ಆ ಮನೆಯನ್ನು ಹಿಂದೆ ತಂದದ್ದು ನಮ್ಮ ಬುದ್ಧಿಯಲ್ಲ, ಹಾಲಿನ ಸೊಸೈಟಿ. ಒಂದು ಬೆಳಿಗ್ಗೆ ಡಿಪೋದ ಎದುರು ಹಾಲು ಕೊಡಲು ಬಂದವರ ಜೊತೆ ನಿಂತಿದ್ದೆವು. ಹಸುಗಳಿಗೆ ಕಾಲುಬಾಯಿ ಜ್ವರದ ಲಸಿಕೆ ಹಾಕಿದ ವಾರ ಅದು. "ಎರಡು ದಿನದಿಂದ ಹಾಲು ಒಂದು ಲೀಟರು ಕಮ್ಮಿ" ಎಂದು ಒಬ್ಬರು. "ನಮ್ಮದಕ್ಕೂ ಸ್ವಲ್ಪ ಬೆಚ್ಚಗಿತ್ತು ಮೈ" ಎಂದು ಇನ್ನೊಬ್ಬರು. "ಹಾಗಾದರೆ ಮುಂದಿನ ಸಲ ಹಾಕಿಸುವುದಿಲ್ಲವಾ?" ಎಂದು ನಾವು ಕೇಳಿದೆವು. ಎಲ್ಲರೂ ನಮ್ಮನ್ನು ವಿಚಿತ್ರವಾಗಿ ನೋಡಿದರು. "ಎಂತ ಸಿಸ್ಟರ್, ಎರಡು ದಿನದ ಹಾಲು ನೋಡಿದರೆ ಆಗುತ್ತದಾ? ರೋಗ ಬಂದರೆ ದನವೇ ಹೋಗುತ್ತದಲ್ಲ. ಹಾಲು ಕಮ್ಮಿ ಆಗುತ್ತದೆ ಅಂತ ಡಾಕ್ಟ್ರು ಮೊದಲೇ ಹೇಳಿದ್ದಾರೆ." ಆ ಕೊನೆಯ ಮಾತು ನಮಗೆ ತಾಗಿತು. ಡಾಕ್ಟ್ರು ಮೊದಲೇ ಹೇಳಿದ್ದಾರೆ. ಹೇಳಿದ್ದಕ್ಕೆ ಯಾರೂ ಹಸುವನ್ನು ಅಡಗಿಸಿ ಇಡಲಿಲ್ಲ. ಜನ ಹೆದರುತ್ತಾರೆ ಎಂದು ನಾವು ಸುಮ್ಮನೆ ಹೆದರಿದ್ದೆವು.

ಆ ತಾಯಿಯ ಮನೆಗೆ ಮತ್ತೆ ಹೋದೆವು. ಈ ಸಲ ಪೆಟ್ಟಿಗೆ ತೆಗೆದುಕೊಂಡು ಹೋಗಲಿಲ್ಲ, ಬರಿಗೈಯಲ್ಲಿ ಹೋದೆವು. "ಅವತ್ತು ಹೇಳದ್ದು ನಮ್ಮ ತಪ್ಪು" ಎಂದೆವು. ಸರಕಾರಿ ಕೆಲಸದಲ್ಲಿ ಇರುವವರು ತಪ್ಪು ಒಪ್ಪುವುದು ಅಷ್ಟು ಸುಲಭ ಅಲ್ಲ, ನೋಡಿ. ಆಮೇಲೆ ಯಾವ ಲಸಿಕೆಗೆ ಏನೇನು ಆಗಬಹುದು, ಯಾವ ದಿನ ಆಗಬಹುದು, ಆದರೆ ಏನು ಮಾಡಬೇಕು, ಯಾವುದಕ್ಕೆ ಹೆದರಬಾರದು, ಯಾವುದಕ್ಕೆ ಕೂಡಲೇ ಫೋನು ಮಾಡಬೇಕು ಎಂದು ಎಲ್ಲ ಹೇಳಿದೆವು. ಮೂರನೆಯ ಸಲ ಹೋದಾಗ ಆಕೆಯೇ ಮಗುವನ್ನು ಎತ್ತಿಕೊಂಡು ಜಗಲಿಗೆ ಬಂದರು. ಅಂದಿನಿಂದ ನಮ್ಮ ಕ್ರಮ ಬದಲಾಯಿತು. ಚುಚ್ಚುವ ಮೊದಲು ಹೇಳುವುದು, ಚುಚ್ಚಿದ ಮೇಲೆ ವಿಚಾರಿಸಲು ಹೋಗುವುದು, ಕನಿಷ್ಠ ಒಂದು ಫೋನು. ಲಸಿಕೆ ಹಾಕುವುದು ಅರ್ಧ ನಿಮಿಷದ ಕೆಲಸ. ಹಾಕಿ ಬಂದ ಮೇಲಿನ ಕೆಲಸವೇ ದೊಡ್ಡದು ಎಂದು ಕಲಿತದ್ದು ಹೀಗೆ.

ಆ ಪಾಠ ಪರೀಕ್ಷೆಗೆ ಬಂದದ್ದು ಕೊರೊನಾ ಕಾಲದಲ್ಲಿ.

2021ರ ಜನವರಿ 16ರಂದು ದೇಶದಲ್ಲಿ ಕೊರೊನಾ ಲಸಿಕೆ ಶುರುವಾಯಿತು. ಮೊದಲ ಸರದಿ ಆರೋಗ್ಯ ಇಲಾಖೆಯವರದೇ. ನಿಜ ಹೇಳುವುದಾದರೆ ನಮಗೂ ಹೆದರಿಕೆ ಇತ್ತು. ಹೊಸ ಲಸಿಕೆ, ಮನೆಯಲ್ಲಿ ಮಕ್ಕಳು. ಆದರೆ ನಾವು ಹಿಂದೆ ಸರಿದರೆ ನಾಳೆ ಯಾರ ಮನೆಗೆ ಹೋಗಿ ಹೇಳುವುದು? ಹಾಕಿಸಿಕೊಂಡೆವು. ರಾತ್ರಿ ಚಳಿ ಜ್ವರ, ಮರುದಿನ ಮೈಕೈ ನೋವು. ಮಾರ್ಚ್ 1ರಿಂದ ಹಿರಿಯರಿಗೆ ಶುರುವಾದಾಗ ಅದನ್ನೇ ಹೇಳಿದೆವು: "ನಮಗೆ ಒಂದು ರಾತ್ರಿ ಜ್ವರ ಬಂತು, ಪ್ಯಾರಸಿಟಮಾಲ್ ಮಾತ್ರೆ ತೆಗೆದುಕೊಂಡೆವು, ಮೂರನೆಯ ದಿನ ಡ್ಯೂಟಿಗೆ ಬಂದೆವು. ನಿಮಗೂ ಬರಬಹುದು." ತೋಳು ತೋರಿಸುವುದರ ಜೊತೆಗೆ ಜ್ವರವನ್ನೂ ಹೇಳಿದ್ದರಿಂದ ನಂಬಿದರು.

ಈ ಊರಿನ ಮಟ್ಟಿಗೆ ನಮಗೆ ಇನ್ನೊಂದು ಸಹಾಯ ಸಿಕ್ಕಿತು. ಇಲ್ಲಿಯ ಎಷ್ಟೋ ಮನೆಗಳ ಹೆಣ್ಣುಮಕ್ಕಳು ನರ್ಸಿಂಗ್ ಕಲಿತು ಹೊರದೇಶಗಳಲ್ಲಿ ಇದ್ದಾರೆ. ನಾವು ಹತ್ತು ಸಲ ಹೇಳಿದರೂ ಅಲುಗಾಡದ ಒಬ್ಬ ಅಪ್ಪಚ್ಚನ್, ಮಗಳು ಫೋನಿನಲ್ಲಿ ಎರಡು ಮಾತು ಹೇಳಿದ್ದಕ್ಕೆ ಮರುದಿನ ಬೆಳಿಗ್ಗೆಯೇ ಇಸ್ತ್ರಿ ಅಂಗಿ ಹಾಕಿ ಬಂದು ಕೂತಿದ್ದರು.

ಆಮೇಲೆ ಬಂತು ಎರಡನೆಯ ಅಲೆ. ಬೇಡ ಬೇಡ ಎಂದವರೆಲ್ಲ ಬೇಕು ಬೇಕು ಎಂದು ಬಂದರು. ಲಸಿಕೆ ಇರಲಿಲ್ಲ. 2021ರ ಮೇ, ಜೂನ್ ತಿಂಗಳ ಆ ದಿನಗಳನ್ನು ನೆನೆದರೆ ಇವತ್ತೂ ಹೊಟ್ಟೆ ಕಿವಿಚುತ್ತದೆ. ಒಂದು ದಿನ 100 ಡೋಸು, ಸರದಿಯಲ್ಲಿ ಅದರ ಎರಡರಷ್ಟು ಜನ. ಬಸ್ಸು ಇಲ್ಲದ ಕಾಲ, ನಡೆದು ಬಂದವರು. ಹೆಸರು ನೋಂದಾಯಿಸಲು ಮೊಬೈಲಿಗೆ ನಂಬರು ಬರಬೇಕು, ಗುಡ್ಡದ ಮೇಲೆ ಹತ್ತಿದರೆ ಮಾತ್ರ ನೆಟ್‌ವರ್ಕು. ಪೇಟೆಯಲ್ಲಿ ಕೂತು ಬೆರಳು ಒತ್ತಿ ಹಳ್ಳಿಯ ಸರದಿ ಹಿಡಿದವರು ಕಾರಿನಲ್ಲಿ ಬಂದು ಹಾಕಿಸಿಕೊಂಡು ಹೋಗುತ್ತಿದ್ದರು. ಊರಿನವರು ನೋಡುತ್ತಾ ನಿಲ್ಲುತ್ತಿದ್ದರು. ಬೈಗಳು ಮಾತ್ರ ಸೂಜಿ ಹಿಡಿದವರಿಗೆ. ಎರಡನೆಯ ಡೋಸು ಯಾವಾಗ ಎಂದರೆ ಮೊದಲು 28 ದಿನ, ಆಮೇಲೆ 6ರಿಂದ 8 ವಾರ, ಮೇ ತಿಂಗಳಲ್ಲಿ 12ರಿಂದ 16 ವಾರ ಎಂದಾಯಿತು. "ನೀವು ದಿನಕ್ಕೊಂದು ಹೇಳುತ್ತೀರಿ" ಎಂದು ಜನ. ಕೆಲವು ಸಲ ನಮಗಿಂತ ಮೊದಲು ಟಿ.ವಿ. ನೋಡಿದವರಿಗೇ ಗೊತ್ತಾಗುತ್ತಿತ್ತು.

ಒಂದು ವಿಷಯ ಆಗ ಯಾರಿಗೂ ಸರಿಯಾಗಿ ಹೇಳಲು ಆಗಲಿಲ್ಲ, ಈಗ ಹೇಳುತ್ತೇವೆ. ಕೋವಿಶೀಲ್ಡಿನ ಒಂದು ಬಾಟಲಿಯಲ್ಲಿ 10 ಜನರ ಮದ್ದು. ತೆರೆದರೆ ನಾಲ್ಕು ಗಂಟೆಯ ಒಳಗೆ ಮುಗಿಸಬೇಕು, ಉಳಿದರೆ ಬಿಸಾಡಬೇಕು. ಸಂಜೆ ಹೊತ್ತಿಗೆ ನಾಲ್ಕೇ ಜನ ಇದ್ದರೆ ತೆರೆಯುವುದೋ ಬೇಡವೋ? ತೆರೆದರೆ ಆರು ಡೋಸು ಹಾಳು, ತೆರೆಯದಿದ್ದರೆ ನಾಲ್ಕು ಜನ ವಾಪಸು. ಆ ಹೊತ್ತಿಗೆ ನಮಗೆ ಆಸರೆಯಾದದ್ದು ಸಂಜೆಯ ಹಾಲಿನ ಸಮಯ. ಡಿಪೋಗೆ ಫೋನು ಮಾಡಿ "ಆರು ಜನ ಬೇಕಿತ್ತು" ಎಂದರೆ ಹಾಲು ಅಳೆಯುವವರು ಕ್ಯಾನು ಹಿಡಿದು ನಿಂತವರನ್ನೇ ಕಳಿಸುತ್ತಿದ್ದರು. ಅರ್ಧ ಗಂಟೆ ಕೂತು ಹೋಗಬೇಕು ಎಂದು ನಿಯಮ. ಖಾಲಿ ಕ್ಯಾನು ಕಾಲ ಬುಡದಲ್ಲಿ ಇಟ್ಟುಕೊಂಡು ಸಾಲಾಗಿ ಕೂತದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಒಂದೊಂದು ಬಾಟಲಿಯನ್ನು ಹೀಗೆ ಉಳಿಸಿದ್ದೇವೆ. 2021ರ ಅಕ್ಟೋಬರ್ 21ಕ್ಕೆ ದೇಶದಲ್ಲಿ 100 ಕೋಟಿ ಡೋಸು ಆಯಿತು ಎಂದು ದೊಡ್ಡ ಸುದ್ದಿ ಬಂತು. ಆ 100 ಕೋಟಿಯಲ್ಲಿ ನಮ್ಮ ಕ್ಯಾನಿನವರ ಲೆಕ್ಕವೂ ಸೇರಿದೆ.

ತಲುಪದೆ ಹೋದವರೂ ಇದ್ದಾರೆ. ಮೊದಲ ಸಲ ಟೋಕನ್ ಮುಗಿದು ವಾಪಸು ಹೋದ ಒಬ್ಬ ಅಜ್ಜ ಮತ್ತೆ ಬರಲಿಲ್ಲ. ನಾವು ಮನೆಗೆ ಹೋಗಿ ಹಾಕಬೇಕು ಎಂದು ಪಟ್ಟಿಯಲ್ಲಿ ಬರೆದುಕೊಂಡಿದ್ದೆವು. ನಮ್ಮ ಸರದಿ ಬರುವ ಮೊದಲೇ ಅವರು ಕೊರೊನಾದಲ್ಲಿ ತೀರಿಕೊಂಡರು. ಡೋಸು ಇರಲಿಲ್ಲ, ನಾವೇನು ಮಾಡಲಿಕ್ಕಾಗುತ್ತಿತ್ತು ಎಂದು ಹೇಳಬಹುದು. ಹೇಳಿಕೊಂಡಿದ್ದೇವೆ ಕೂಡ. ಆದರೆ ಆ ದಾರಿಯಲ್ಲಿ ಹೋಗುವಾಗ ಆ ಮನೆಯ ಕಡೆ ನೋಡಲು ಕಷ್ಟವಾಗುತ್ತದೆ.

ಕಷ್ಟಗಳನ್ನು ಹೇಳುತ್ತಾ ಹೋದರೆ ಮುಗಿಯುವುದಿಲ್ಲ. ಮಳೆಗಾಲದ ತೋಡು, ಜಿಗಣೆ, ಈಗ ಆನೆ. 2023ರ ಫೆಬ್ರವರಿಯಲ್ಲಿ ರೆಂಜಿಲಾಡಿಯಲ್ಲಿ ಇಬ್ಬರು ಆನೆಗೆ ಸಿಕ್ಕಿ ತೀರಿಹೋದ ಮೇಲೆ ಬೆಳ್ಳಂಬೆಳಿಗ್ಗೆ ಗುಡ್ಡ ಹತ್ತುವಾಗ ಕಾಲು ತಡೆಯುತ್ತದೆ. ನಮಗಾದರೂ ತಿಂಗಳ ಸಂಬಳ ಉಂಟು. ನಮ್ಮ ಜೊತೆ ನಡೆಯುವ ಆಶಾ ಕಾರ್ಯಕರ್ತೆಯರಿಗೆ, ಅಂಗನವಾಡಿ ಟೀಚರ್‌ಗಳಿಗೆ ಗೌರವಧನ ಮಾತ್ರ. ಇಷ್ಟೂ ಹೊತ್ತು ನಾವು ನಾವು ಎಂದು ಹೇಳಿದ್ದರಲ್ಲಿ ಅವರೂ ಇದ್ದಾರೆ ಎಂದು ತಿಳಿಯಬೇಕು. ಮನೆಯ ದಾರಿ ತೋರಿಸಿದವರು ಅವರೇ.

ಕೊನೆಗೆ ಸಂಘದಲ್ಲಿ ಮೂರು ಕೋರಿಕೆ.

ಒಂದು, ದೊಡ್ಡ ಅಭಿಯಾನ ಬಂದಾಗ ಎಲ್ಲರೂ ಎಚ್ಚರ ಇರುತ್ತಾರೆ. ಅಭಿಯಾನ ಇಲ್ಲದ ಸಾದಾ ಗುರುವಾರಗಳೇ ಮುಖ್ಯ. ದಡಾರ, ರುಬೆಲ್ಲಾದ ಮೊದಲ ಡೋಸು ಮಗುವಿಗೆ 9 ತಿಂಗಳು ತುಂಬಿದ ಮೇಲೆ, ಎರಡನೆಯದು 16ರಿಂದ 24 ತಿಂಗಳ ಒಳಗೆ. ಮೊದಲನೆಯದಕ್ಕೆ ಬಂದವರು ಎರಡನೆಯದನ್ನು ಮರೆಯುತ್ತಾರೆ. ಬುಧವಾರ ಸಂಜೆ ಹಾಲು ಅಳೆಯುವಾಗ "ನಾಳೆ ಗುರುವಾರ, ತಾಯಿ ಕಾರ್ಡು ನೋಡಿಕೊಳ್ಳಿ" ಎಂದು ಒಂದು ಮಾತು ಹೇಳಿದರೆ ನಮ್ಮ ಎಷ್ಟೋ ನಡಿಗೆ ಉಳಿಯುತ್ತದೆ.

ಎರಡು, ತೋಟಗಳಿಗೆ ಈಗ ದೂರದ ರಾಜ್ಯಗಳಿಂದ ಕೆಲಸದವರು ಬರುತ್ತಾರೆ. ಅವರು ಸಂಘದ ಸದಸ್ಯರಲ್ಲ, ಅವರ ಹೆಸರು ಯಾವ ಪಟ್ಟಿಯಲ್ಲೂ ಇಲ್ಲ. ಮಕ್ಕಳಿದ್ದರೆ ನಮಗೊಂದು ಫೋನು ಮಾಡಿ. ಅವರ ಮಗುವಿಗೆ ಬಂದ ರೋಗ ನಿಮ್ಮ ಮಗುವಿನ ಹತ್ತಿರ ಸದಸ್ಯತ್ವ ಕೇಳುವುದಿಲ್ಲ.

ಮೂರು, ಲಸಿಕೆ ಹಾಕಿದ ಮೇಲೆ ಏನಾದರೂ ತೊಂದರೆ ಆದರೆ ಪಕ್ಕದ ಮನೆಗೆ ಹೇಳುವ ಮೊದಲು ನಮಗೆ ಹೇಳಿ. ನಾವು ಬರುತ್ತೇವೆ. ನಾವು ಬಾರದಿದ್ದರೆ ಆಗ ಧಾರಾಳ ಬೈಯಿರಿ. ಮತ್ತೆ, ಚುಚ್ಚುವ ಮೊದಲು "ಇದಕ್ಕೆ ಏನು ಆಗಬಹುದು?" ಎಂದು ಕೇಳಿಯೇ ಕೇಳಿ. ನಾವು ಅವಸರದಲ್ಲಿ "ಏನೂ ಇಲ್ಲ" ಎಂದರೆ ಬಿಡಬೇಡಿ, ಇನ್ನೊಮ್ಮೆ ಕೇಳಿ. ಕೇಳುವ ತಾಯಂದಿರಿಂದ ನಮಗೆ ತೊಂದರೆ ಇಲ್ಲ. ಕೇಳದೆ ಬಾಗಿಲು ಹಾಕುವವರಿಂದಲೇ ಕಷ್ಟ.

ಇಪ್ಪತ್ತೈದು ವರ್ಷ ದಿನಕ್ಕೆ ಎರಡು ಸಲ ಹಾಲು ಅಳೆದು, ಲೆಕ್ಕ ಬರೆದು, ಎಲ್ಲರ ಎದುರು ಡಿಗ್ರಿ ನೋಡಿ ನಂಬಿಕೆ ಉಳಿಸಿಕೊಂಡು ಬಂದ ಸಂಘ ಇದು. ನಂಬಿಕೆ ಹೇಗೆ ಬೆಳೆಯುತ್ತದೆ ಎಂದು ನಿಮಗೆ ನಾವು ಹೇಳಬೇಕಾಗಿಲ್ಲ. ಸಂಘ ಇನ್ನೂ ಬೆಳೆಯಲಿ, ಸುವರ್ಣ ಮಹೋತ್ಸವ ಕಾಣಲಿ. ಆ ದಿನ ನಾವು ಇರುತ್ತೇವೋ ಇಲ್ಲವೋ, ನಾವು ಹನಿ ಹಾಕಿದ ಮಕ್ಕಳು ಈ ವೇದಿಕೆಯಲ್ಲಿ ಇರಲಿ.